ಪಕ್ಷೇತರನ ಮತ ಯಾರ ಆಸ್ತಿ?

ಚುನಾವಣೆಯ ಹೊತ್ತಿನಲ್ಲಿ ನಮ್ಮ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಒಂದು ವಾಕ್ಯವಿದೆ: ‘ಇಂಥವರು ತಮ್ಮ ಅಪಾರ ಬೆಂಬಲಿಗರೊಂದಿಗೆ ಇಂಥ ಪಕ್ಷವನ್ನು ಸೇರಿದರು.’ ಈ ವಾಕ್ಯದಲ್ಲಿ ಸೇರುವ ಕ್ರಿಯೆಗೆ ಕರ್ತೃ ಒಬ್ಬನೇ. ಬೆಂಬಲಿಗರು ‘ಒಂದಿಗೆ’ ಎಂಬ ಸಣ್ಣ ಪದಕ್ಕೆ ಜೋತುಬಿದ್ದು ಬಂದವರು. ಮನೆ ಬದಲಿಸುವವನು ಪಾತ್ರೆ ಪಡಗಗಳನ್ನು ಲಾರಿಗೆ ಹೇರಿಕೊಂಡು ಹೋದಂತೆ, ನಾಯಕನು ಮತದಾರರನ್ನು ಹೇರಿಕೊಂಡು ಹೊಸ ಮನೆಗೆ ಹೊರಟಿದ್ದಾನೆ ಎಂಬ ಭಾವ ಅಲ್ಲಿದೆ. ಈ ಭಾವ ಸುಳ್ಳು. ಸುಳ್ಳೆಂದು ಪಕ್ಷಗಳಿಗೂ ಗೊತ್ತಿದೆ. ಗೊತ್ತಿದ್ದೂ ಅವು ಅದಕ್ಕೆ ಬೆಲೆ ಕಟ್ಟುತ್ತವೆ, ಶಾಲು ಹೊದಿಸುತ್ತವೆ, ಟಿಕೆಟ್ ಕೊಡುತ್ತವೆ. ಏಕೆಂದರೆ ಆ ಅಭ್ಯರ್ಥಿಯ ಹಿಂದೆ ನಿಂತ ಜನ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ಅಭ್ಯರ್ಥಿಯೊಬ್ಬನನ್ನು ಒಳಗೆ ಕರೆದುಕೊಳ್ಳುವುದು ಅಗ್ಗ. ಈ ಲೇಖನದ ವಾದ ಇಷ್ಟೇ: ಪಕ್ಷದ ಹೊರಗಿನ ಅಭ್ಯರ್ಥಿಗೆ ಬಿದ್ದ ಮತ ಆತನ ಖಾಸಗಿ ಆಸ್ತಿಯಲ್ಲ, ಅದನ್ನು ಮಾರುವ ಹಕ್ಕು ಆತನಿಗಿಲ್ಲ, ಮತ ಕೊಟ್ಟವರು ತಮ್ಮ ಬೆಲೆಯನ್ನು ತಾವೇ ಹೇಳಲು ಕಲಿಯದಿದ್ದರೆ ಪ್ರತಿಸಲವೂ ಬಂಡಾಯ ಅವರದು, ಲಾಭ ಮತ್ತೊಬ್ಬರದು.

ಪುಣೆಯಲ್ಲಿರುವ ನಮಗೆ ಉದಾಹರಣೆ ದೂರದಲ್ಲಿಲ್ಲ. ಸದಾಶಿವ ಪೇಠವನ್ನೇ ನೋಡಿ. ಪಾಣಿಪತದಲ್ಲಿ ಮಡಿದ ಸದಾಶಿವರಾವ್ ಭಾವೂನ ಹೆಸರು ಹೊತ್ತ ಈ ಪೇಠೆ ತನ್ನ ಖಡಕ್ ಮಾತಿಗೆ, ಬಾಗಿಲ ಮೇಲಿನ ಪಾಟಿಗಳ ವ್ಯಂಗ್ಯಕ್ಕೆ ಹೆಸರಾದದ್ದು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಗಿರಾಕಿಗೂ ಸಲಿಗೆ ಕೊಡದ ಈ ಜನ ರಾಜಕೀಯದಲ್ಲಿ ಮಾತ್ರ ಬಹುಕಾಲ ಒಂದೇ ಪಕ್ಷಕ್ಕೆ ವಿಧೇಯರಾಗಿದ್ದರು. ಸದಾಶಿವ ಪೇಠವಿರುವ ಕಸಬಾ ಕ್ಷೇತ್ರದಿಂದ ಗಿರೀಶ್ ಬಾಪಟ್ 1995ರಿಂದ ಸತತ ಐದು ಸಲ ಗೆದ್ದರು. 2019ರಲ್ಲಿ ಮುಕ್ತಾ ಟಿಳಕ್ ಗೆದ್ದರು. 2022ರ ಡಿಸೆಂಬರಿನಲ್ಲಿ ಮುಕ್ತಾ ಟಿಳಕ್ ತೀರಿಕೊಂಡಾಗ ಉಪಚುನಾವಣೆ ಬಂತು. ಬಿಜೆಪಿಯು ಟಿಳಕರ ಮನೆತನಕ್ಕೆ ಟಿಕೆಟ್ ಕೊಡದೆ ಹೇಮಂತ್ ರಾಸನೆ ಅವರನ್ನು ನಿಲ್ಲಿಸಿತು. ಬ್ರಾಹ್ಮಣ ಮತದಾರರಲ್ಲಿ ಅಸಮಾಧಾನ ಹೊಗೆಯಾಡಿತು. ಆ ಅಸಮಾಧಾನದ ಹೆಸರಿನಲ್ಲಿ ಹಿಂದೂ ಮಹಾಸಂಘದ ಆನಂದ ದವೆ ಕಣಕ್ಕಿಳಿದರು.

ಅದರ ಫಲಿತಾಂಶವನ್ನು ಸ್ವಲ್ಪ ನಿಧಾನವಾಗಿ ಓದಬೇಕು. ದವೆ ಅವರಿಗೆ ಬಿದ್ದ ಮತ ಒಂದು ಸಾವಿರವನ್ನೂ ಮುಟ್ಟಲಿಲ್ಲ. ಆದರೆ ಬಿಜೆಪಿ ಸೋತದ್ದು ಸುಮಾರು 11,000 ಮತಗಳಿಂದ. 2023ರ ಮಾರ್ಚ್ 2ರಂದು ಕಾಂಗ್ರೆಸ್ಸಿನ ರವೀಂದ್ರ ಧಂಗೇಕರ್ ಗೆದ್ದಾಗ, ಸದಾಶಿವ, ನಾರಾಯಣ, ಶನಿವಾರ ಪೇಠಗಳಲ್ಲಿ ಆ ಪಕ್ಷಕ್ಕೆ ಎಂದಿನ ಮುನ್ನಡೆ ಸಿಗಲಿಲ್ಲವೆಂಬ ಮಾತು ಎಲ್ಲ ವಿಶ್ಲೇಷಣೆಗಳಲ್ಲೂ ಇತ್ತು. ಹೊರಗಿನ ಅಭ್ಯರ್ಥಿ ಎತ್ತಿದ ಪ್ರಶ್ನೆ ಆತನಿಗಿಂತ ಎಷ್ಟೋ ಪಾಲು ದೊಡ್ಡದಾಗಿತ್ತು. ಜನ ಆತನಿಗೆ ಮತ ಹಾಕಲಿಲ್ಲ. ಆದರೆ ಆತ ಕೇಳಿದ್ದನ್ನು ಕೇಳಿಸಿಕೊಂಡು ಮನೆಯಲ್ಲಿ ಕೂತರು, ಇಲ್ಲವೇ ಬೇರೆ ಗುಂಡಿ ಒತ್ತಿದರು.

ಪಕ್ಷ ಆಮೇಲೆ ಮಾಡಿದ್ದೇನು? 2019ರಲ್ಲಿ ಪಕ್ಕದ ಕೋಥರೂಡಿನಲ್ಲಿ ಟಿಕೆಟ್ ಕಳೆದುಕೊಂಡಿದ್ದ ಮೇಧಾ ಕುಲಕರ್ಣಿ ಅವರಿಗೆ 2024ರಲ್ಲಿ ರಾಜ್ಯಸಭೆಯ ಸ್ಥಾನ ಸಿಕ್ಕಿತು. ಅದೇ ವರ್ಷದ ವಿಧಾನಸಭಾ ಚುನಾವಣೆಗೆ ಮುಂಚೆ ರಾಜ್ಯದ ಮಂತ್ರಿಮಂಡಲ ಬ್ರಾಹ್ಮಣರಿಗಾಗಿ ಪರಶುರಾಮ ಆರ್ಥಿಕ ವಿಕಾಸ ಮಹಾಮಂಡಳವನ್ನು ಘೋಷಿಸಿತು. ನವೆಂಬರಿನಲ್ಲಿ ಅದೇ ಹೇಮಂತ್ ರಾಸನೆ ಅದೇ ಧಂಗೇಕರರನ್ನು 19,000ಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಇವೆಲ್ಲ ಕಸಬಾದ ಸೋಲಿಗೆ ಕೊಟ್ಟ ಉತ್ತರವೆಂದು ಯಾವ ಪಕ್ಷವೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಘಟನೆಗಳ ಸರಣಿಯನ್ನು ಓದುವ ಸ್ವಾತಂತ್ರ್ಯ ನಮಗಿದೆ. ಧಂಗೇಕರ್ ಕೂಡ 2025ರ ಮಾರ್ಚಿನಲ್ಲಿ ಕಾಂಗ್ರೆಸ್ ಬಿಟ್ಟು ಏಕನಾಥ ಶಿಂದೆಯವರ ಶಿವಸೇನೆಯನ್ನು ಸೇರಿದರು. ಹೀಗೆ ಸುಮಾರು ಎರಡು ವರ್ಷಗಳಲ್ಲಿ ಬಂಡಾಯದ ಬಾಗಿಲುಗಳೆಲ್ಲ ಒಂದೇ ಅಂಗಳಕ್ಕೆ ತೆರೆದುಕೊಂಡವು.

ಈ ನಿಗಮ, ಮಹಾಮಂಡಳಗಳ ತಂತ್ರ ಕರ್ನಾಟಕದವರಿಗೆ ಹೊಸದಲ್ಲ. 2020ರ ನವೆಂಬರಿನಲ್ಲಿ, ಬಸವಕಲ್ಯಾಣದ ಉಪಚುನಾವಣೆ ಕಣ್ಣೆದುರಿಗಿದ್ದಾಗ, ಯಡಿಯೂರಪ್ಪನವರ ಸರ್ಕಾರ 50 ಕೋಟಿ ರೂಪಾಯಿಯ ಮರಾಠಾ ಅಭಿವೃದ್ಧಿ ಪ್ರಾಧಿಕಾರವನ್ನು ಘೋಷಿಸಿತು; ಕನ್ನಡ ಸಂಘಟನೆಗಳು ಡಿಸೆಂಬರ್ 5ರಂದು ಬಂದ್ ಕರೆದವು. ಸಮುದಾಯವೊಂದು ಅತ್ತಿತ್ತ ನೋಡಲಾರಂಭಿಸಿದೆ ಎಂಬ ಗುಮಾನಿ ಬಂದೊಡನೆ ಅದರ ಹೆಸರಿನಲ್ಲಿ ಒಂದು ನಿಗಮ, ನಿಗಮಕ್ಕೊಬ್ಬ ಅಧ್ಯಕ್ಷ, ಅಧ್ಯಕ್ಷನಿಗೊಂದು ಕಾರು. ಸಮುದಾಯದ ಬಡವನಿಗೆ ಏನು ದಕ್ಕಿತೆಂಬ ಲೆಕ್ಕವನ್ನು ಮುಂದಿನ ಚುನಾವಣೆಯವರೆಗೆ ಯಾರೂ ಕೇಳುವುದಿಲ್ಲ.

ಇನ್ನು ನದಿಯಾಚೆಯ ಚಿಂಚವಡಕ್ಕೆ ಹೋಗೋಣ. ಕಾರ್ಖಾನೆಗಳ ಕೆಲಸಕ್ಕೆಂದು ಬಂದು ನೆಲೆನಿಂತ ಕನ್ನಡ ಕುಟುಂಬಗಳು ಅಲ್ಲಿ ಸಾಕಷ್ಟಿವೆ. 2019ರಲ್ಲಿ ಶಿವಸೇನೆಯ ಬಂಡಾಯಗಾರ ರಾಹುಲ್ ಕಲಾಟೆ ಅಲ್ಲಿ ಪಕ್ಷೇತರರಾಗಿ ನಿಂತು 1,12,000ಕ್ಕೂ ಹೆಚ್ಚು ಮತ ಪಡೆದರು. ಆಗ ರಾಷ್ಟ್ರವಾದಿ ಕಾಂಗ್ರೆಸ್ ಅವರ ಬೆನ್ನಿಗಿತ್ತು. 2023ರಲ್ಲಿ, ಕಸಬಾದ ಜೊತೆಯಲ್ಲೇ ನಡೆದ ಉಪಚುನಾವಣೆಯಲ್ಲಿ, ಅದೇ ಪಕ್ಷ ತನ್ನದೇ ಅಭ್ಯರ್ಥಿಯನ್ನು ನಿಲ್ಲಿಸಿತು. ಕಲಾಟೆ ಮತ್ತೆ ಪಕ್ಷೇತರರಾಗಿ 44,000ಕ್ಕೂ ಹೆಚ್ಚು ಮತ ಪಡೆದರು. ಪಕ್ಷದ ಅಭ್ಯರ್ಥಿ ಸುಮಾರು 36,000 ಮತಗಳಿಂದ ಸೋತರು. ಲೆಕ್ಕ ಬಲ್ಲವರು ಕೂಡಿಸಿ ನೋಡಿದರು: ಇಬ್ಬರ ಮತಗಳು ಸೇರಿದ್ದರೆ ಗೆದ್ದವರನ್ನು ಮೀರುತ್ತಿದ್ದವು. ಆದ್ದರಿಂದ 2024ರಲ್ಲಿ ಶರದ್ ಪವಾರರ ಪಕ್ಷ ಕಲಾಟೆಯವರಿಗೇ ಟಿಕೆಟ್ ಕೊಟ್ಟಿತು. ಫಲಿತಾಂಶ? ಒಂದು ಲಕ್ಷಕ್ಕೂ ಹೆಚ್ಚು ಅಂತರದ ಸೋಲು.

ಆ ಸೋಲಿಗೆ ಆ ವರ್ಷದ ರಾಜ್ಯವ್ಯಾಪಿ ಅಲೆಯೂ ಕಾರಣ, ಅದನ್ನು ಮರೆಯುವಂತಿಲ್ಲ. ಆದರೆ ಚಿಂಚವಡ ಹೇಳುವ ಪಾಠ ಅದರಿಂದ ಅಳಿಯುವುದಿಲ್ಲ. ಪಕ್ಷೇತರನ 44,000 ಮತ ಮತ್ತು ಪಕ್ಷದ ಮತ ಒಂದೇ ಚೀಲದ ಕಾಳುಗಳಲ್ಲ, ಸುರಿದೊಡನೆ ಬೆರೆಯುವುದಕ್ಕೆ. ಆ ಮತಗಳಲ್ಲಿ ಒಂದು ಭಾಗ ‘ಈ ಪಕ್ಷವೂ ಬೇಡ, ಆ ಪಕ್ಷವೂ ಬೇಡ’ ಎಂದವರದು. ಅವರ ಅಭ್ಯರ್ಥಿ ಯಾವ ದಿನ ಒಂದು ಪಕ್ಷದ ಚಿಹ್ನೆ ಹಿಡಿದನೋ ಅಂದೇ ಅವರು ಆತನಿಗೆ ಮತ ಹಾಕಿದ್ದ ಕಾರಣ ತೀರಿಹೋಯಿತು. ಅಭ್ಯರ್ಥಿ ಒಳಗೆ ಬಂದ. ಬೆಂಬಲಿಗ ಹೊಸ್ತಿಲಾಚೆಯೇ ನಿಂತ.

ಈ ಆಟದ ಪೂರ್ಣರೂಪ ನೋಡಬೇಕಾದರೆ ಮಾತ್ರ ನಮ್ಮ ಮಂಡ್ಯಕ್ಕೇ ಹೋಗಬೇಕು. 2018ರ ನವೆಂಬರಿನಲ್ಲಿ ಅಂಬರೀಶ್ ತೀರಿಕೊಂಡರು. 2019ರ ಲೋಕಸಭಾ ಚುನಾವಣೆಗೆ ಸುಮಲತಾ ಅವರು ಕಾಂಗ್ರೆಸ್ ಟಿಕೆಟ್ ಕೇಳಿದರು. ಮೈತ್ರಿಯ ಲೆಕ್ಕದಲ್ಲಿ ಕ್ಷೇತ್ರ ಜೆಡಿಎಸ್ ಪಾಲಾಗಿತ್ತು, ಮುಖ್ಯಮಂತ್ರಿ ಕುಮಾರಸ್ವಾಮಿಯವರ ಮಗ ನಿಖಿಲ್ ಅಭ್ಯರ್ಥಿಯಾಗಿದ್ದರು. ಸುಮಲತಾ ಕಹಳೆ ಊದುವ ರೈತನ ಚಿಹ್ನೆ ಹಿಡಿದು ಪಕ್ಷೇತರರಾದರು. ಬಿಜೆಪಿ ಅಭ್ಯರ್ಥಿಯನ್ನೇ ನಿಲ್ಲಿಸದೆ ಬೆಂಬಲ ಘೋಷಿಸಿತು. ಕಾಂಗ್ರೆಸ್ಸಿನ ಅನೇಕ ಕಾರ್ಯಕರ್ತರು ಪಕ್ಷದ ಅಪ್ಪಣೆಯನ್ನು ಬದಿಗಿಟ್ಟು ಅವರ ಹಿಂದೆ ನಡೆದರು. ಹಸಿರು ಶಾಲಿನ ರೈತಸಂಘ ಬಂತು. ದರ್ಶನ್, ಯಶ್ ಜೋಡೆತ್ತುಗಳಾಗಿ ಊರೂರು ಸುತ್ತಿದರು. 7,03,660 ಮತ, 1,25,876ರ ಅಂತರ.

ಆ ಏಳು ಲಕ್ಷ ಜನರ ಅಭಿಪ್ರಾಯ ಒಂದೇ ಆಗಿತ್ತೇ? ಇರಲಿಲ್ಲ. ಅಂಬರೀಶರ ಮೇಲಿನ ಪ್ರೀತಿ, ಗೌಡರ ಕುಟುಂಬದ ಮೇಲಿನ ಮುನಿಸು, ಮೈತ್ರಿಯನ್ನು ಮೇಲಿನವರು ಹೇರಿದ್ದರ ಸಿಟ್ಟು, ಮೋದಿಯವರ ಮೇಲಿನ ಒಲವು, ರೈತಸಂಘದ ನಿಷ್ಠೆ ಎಲ್ಲವೂ ಒಂದು ಗುಂಡಿಯ ಮೇಲೆ ಬಂದು ಕೂಡಿದ್ದವು. ಆದರೂ ಒಂದು ಮಾತು ಎಲ್ಲರಿಗೂ ಸಮಾನವಾಗಿತ್ತು: ಬೆಂಗಳೂರಿನಲ್ಲೋ ಪದ್ಮನಾಭನಗರದಲ್ಲೋ ಕೂತು ನಮ್ಮ ಅಭ್ಯರ್ಥಿಯನ್ನು ನೀವು ತೀರ್ಮಾನಿಸಬೇಡಿ.

ಮುಂದಿನದು ಗೊತ್ತಿರುವ ಕಥೆ. 2023ರ ಮಾರ್ಚಿನಲ್ಲಿ ಸುಮಲತಾ ಬಿಜೆಪಿಗೆ ಬೆಂಬಲ ಘೋಷಿಸಿದರು. ಅದೇ ವಾರ ಪ್ರಧಾನಿ ಮಂಡ್ಯಕ್ಕೆ ಬಂದು ಬೆಂಗಳೂರು–ಮೈಸೂರು ಹೆದ್ದಾರಿಯನ್ನು ಉದ್ಘಾಟಿಸಿದರು. ಅಪಾರ ಬೆಂಬಲಿಗರು ‘ಒಂದಿಗೆ’ ಬರಬೇಕಾಗಿತ್ತಲ್ಲ? ಎರಡೇ ತಿಂಗಳಿಗೆ ನಡೆದ ವಿಧಾನಸಭಾ ಚುನಾವಣೆಯಲ್ಲಿ ಮಂಡ್ಯ ಜಿಲ್ಲೆಯ ಏಳು ಸ್ಥಾನಗಳಲ್ಲಿ ಕಾಂಗ್ರೆಸ್‌ಗೆ ಐದು, ಜೆಡಿಎಸ್‌ಗೆ ಒಂದು, ಸರ್ವೋದಯ ಕರ್ನಾಟಕಕ್ಕೆ ಒಂದು. ಬಿಜೆಪಿಗೆ ಸೊನ್ನೆ, ಕೈಯಲ್ಲಿದ್ದ ಕೆ.ಆರ್. ಪೇಟೆಯೂ ಹೋಯಿತು. ನಾಯಕಿಯ ಘೋಷಣೆಯಿಂದ ಮತದಾರ ಕದಲಲಿಲ್ಲ.

ಆದರೆ ಆಟ ಅಲ್ಲಿಗೆ ಮುಗಿಯಲಿಲ್ಲ. 2024ರ ಲೋಕಸಭಾ ಚುನಾವಣೆಗಾಗಿ ಬಿಜೆಪಿ ಮತ್ತು ಜೆಡಿಎಸ್ ಮೈತ್ರಿಯಾದವು. ಮಂಡ್ಯ ಮತ್ತೆ ಜೆಡಿಎಸ್ ಪಾಲಾಯಿತು. ಈ ಸಲ ಅಭ್ಯರ್ಥಿ ಸ್ವತಃ ಕುಮಾರಸ್ವಾಮಿ. ಸುಮಲತಾ ಏಪ್ರಿಲ್‌ನಲ್ಲಿ ವಿಧಿವತ್ತಾಗಿ ಬಿಜೆಪಿ ಸೇರಿದರು. ಕಣದಿಂದ ಹಿಂದೆ ಸರಿದರು. ಕುಮಾರಸ್ವಾಮಿ 2,84,620 ಮತಗಳ ಅಂತರದಿಂದ ಗೆದ್ದರು. ಐದು ವರ್ಷದ ಹಿಂದೆ ‘ಮೇಲಿನವರ ಮೈತ್ರಿ ನಮಗೆ ಬೇಡ’ ಎಂದು ಕಹಳೆ ಊದಿದ್ದ ಜಿಲ್ಲೆಗೆ ಮೇಲಿನವರು ಮತ್ತೊಂದು ಮೈತ್ರಿಯನ್ನು ತಂದು ಬಡಿಸಿದರು, ಊಟ ಮುಗಿಯಿತು. ಮಂಡ್ಯದ ಮತದಾರ ಮೂರ್ಖನೆಂದು ಇದರರ್ಥವಲ್ಲ. ಕೇಂದ್ರದಲ್ಲಿ ಮಂತ್ರಿಯಾಗಬಲ್ಲ ನಾಯಕನೊಬ್ಬನಿಗೆ ಆತ ತನ್ನದೇ ಲೆಕ್ಕಾಚಾರದಿಂದ ಮತ ಹಾಕಿರಬಹುದು. ಆದರೆ 2019ರಲ್ಲಿ ಆತ ಕೇಳಿದ್ದ ಪ್ರಶ್ನೆ, ಅಂದರೆ ಕ್ಷೇತ್ರದ ಅಭ್ಯರ್ಥಿಯನ್ನು ಯಾರು ತೀರ್ಮಾನಿಸಬೇಕು ಎಂಬುದು, 2024ರ ಕಣದಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಅದನ್ನು ಹೊತ್ತು ಓಡಾಡಬೇಕಾದವರನ್ನೇ ಒಳಗೆ ಕೂರಿಸಲಾಗಿತ್ತು.

ಕಾನೂನು ಇಲ್ಲಿ ಕಾಯುವುದಿಲ್ಲವೇ ಎಂದು ಕೇಳುವವರುಂಟು. ಸಂವಿಧಾನದ ಹತ್ತನೆಯ ಅನುಸೂಚಿ, 1985ರಲ್ಲಿ 52ನೆಯ ತಿದ್ದುಪಡಿಯಿಂದ ಬಂದದ್ದು, ಗೆದ್ದ ಪಕ್ಷೇತರ ಯಾವುದೇ ಪಕ್ಷ ಸೇರಿದರೆ ಅನರ್ಹ ಎನ್ನುತ್ತದೆ. ಸರಿ. ಆದರೆ ಸೇರದೆ ‘ಬೆಂಬಲಿಸಿದರೆ’? 2008ರಲ್ಲಿ 110 ಸ್ಥಾನ ಗೆದ್ದ ಬಿಜೆಪಿಗೆ ಬಹುಮತಕ್ಕೆ ಮೂರು ಕೊರತೆಯಿತ್ತು. ಐವರು ಪಕ್ಷೇತರರು ಬೆಂಬಲ ಕೊಟ್ಟರು, ಸಚಿವರಾದರು. 2010ರಲ್ಲಿ ಅವರೇ ತಿರುಗಿಬಿದ್ದಾಗ ಸಭಾಧ್ಯಕ್ಷ ಬೋಪಯ್ಯ ಅವರನ್ನು ಅನರ್ಹಗೊಳಿಸಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ಬೆಂಬಲ ಕೊಟ್ಟ ಮಾತ್ರಕ್ಕೆ, ಮಂತ್ರಿಯಾದ ಮಾತ್ರಕ್ಕೆ ಪಕ್ಷ ಸೇರಿದಂತಾಗುವುದಿಲ್ಲವೆಂಬುದು ಅಲ್ಲಿ ನಿಂತ ನಿಲುವು. ಕಾನೂನಿನ ದೃಷ್ಟಿಯಿಂದ ಅದು ಸರಿಯೇ ಇರಬಹುದು. ಮತದಾರನಿಗೆ ತಿಳಿಯಬೇಕಾದದ್ದು ಬೇರೆ: ಕಾನೂನು ಕಾಯುವುದು ಸದನದ ಲೆಕ್ಕವನ್ನು ಮಾತ್ರ. ಹಳ್ಳಿಯ ಜಗಲಿಯಲ್ಲಿ ಕೊಟ್ಟ ಮಾತನ್ನು ಕಾಯುವುದಕ್ಕೆ ಯಾವ ಅನುಸೂಚಿಯೂ ಇಲ್ಲ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಎರಡನ್ನೂ ನಮ್ಮ ಸಂಘದ ಕಟ್ಟೆಗಳಲ್ಲಿ ಕೇಳಿದ್ದೇವೆ. ಮೊದಲನೆಯದು: ‘ಪಕ್ಷೇತರನಾಗಿ ಉಳಿದರೆ ಕ್ಷೇತ್ರಕ್ಕೆ ಕೆಲಸ ಆಗುವುದಿಲ್ಲ, ಅಭಿವೃದ್ಧಿಗಾಗಿ ಸೇರಲೇಬೇಕು.’ ಪಕ್ಷಾಂತರಿಗಳೆಲ್ಲರ ಬಾಯಲ್ಲೂ ಇರುವ ಮಂತ್ರ ಇದೇ. ಸಂಸದನ ಸ್ಥಳೀಯಾಭಿವೃದ್ಧಿ ನಿಧಿ ವರ್ಷಕ್ಕೆ 5 ಕೋಟಿ. ಆಳುವ ಪಕ್ಷದವನಿಗೂ ಅಷ್ಟೇ, ಪಕ್ಷೇತರನಿಗೂ ಅಷ್ಟೇ. ಅದಕ್ಕಿಂತ ದೊಡ್ಡ ಕೆಲಸಗಳಿಗೆ ಸರ್ಕಾರದ ಕೃಪೆ ಬೇಕೆಂಬುದು ನಿಜ. ಹಾಗಿದ್ದರೆ ಸೇರುವ ಮುಂಚೆ ಕೇಳಬೇಕಾದ್ದು ಆ ದೊಡ್ಡ ಕೆಲಸವನ್ನು, ಹೆಸರು ಹಿಡಿದು, ಗಡುವು ಹಾಕಿ. ಯಾವ ಸೇರ್ಪಡೆಯ ಸಮಾರಂಭದಲ್ಲಿ ಅಂಥ ಕಾಗದವೊಂದನ್ನು ಓದಿದ್ದನ್ನು ನೀವು ಕೇಳಿದ್ದೀರಿ? ‘ಅಭಿವೃದ್ಧಿ’ ಎಂಬ ಪದಕ್ಕೆ ಊರಿಲ್ಲ, ಮೊತ್ತವಿಲ್ಲ, ತಾರೀಖಿಲ್ಲ; ಅದಕ್ಕೇ ಅದು ಎಲ್ಲರಿಗೂ ಅಷ್ಟು ಪ್ರಿಯ.

ಎರಡನೆಯ ಆಕ್ಷೇಪ: ‘ಪಕ್ಷೇತರನಿಗೆ ಹಾಕಿದ ಮತ ವ್ಯರ್ಥ, ಗೆದ್ದೆತ್ತಿನ ಬಾಲ ಹಿಡಿಯುವುದೇ ಜಾಣತನ.’ ಕಸಬಾ ಇದನ್ನು ಹುಸಿಮಾಡಿದೆ. ಸಾವಿರವೂ ಬಾರದ ಅಭ್ಯರ್ಥಿ ಎತ್ತಿದ ಪ್ರಶ್ನೆ ಒಂದು ಪಕ್ಷದ ಕೋಟೆಯನ್ನು ಕೆಡವಿತು. ಮುಂದಿನ ಚುನಾವಣೆಯ ಹೊತ್ತಿಗೆ ಆ ಪಕ್ಷ ಓಲೈಕೆಗೆ ಇಳಿಯಬೇಕಾಯಿತು. ವ್ಯರ್ಥವಾದದ್ದು ಮತವಲ್ಲ, ಆ ಮತದ ನಂತರದ ಚೌಕಾಸಿ. ಗೆದ್ದ ಮೇಲೆ, ಅಥವಾ ಸೋಲಿಸಿದ ಮೇಲೆ, ಮೇಜಿನ ಮುಂದೆ ಕೂತವನು ಅಭ್ಯರ್ಥಿ ಮಾತ್ರ. ಬೆಂಬಲಿಗ ಮನೆಗೆ ಹೋಗಿದ್ದ.

ಬೇರೆ ದಾರಿಯೂ ಇದೆ ಎಂಬುದಕ್ಕೆ ಮಂಡ್ಯ ಜಿಲ್ಲೆಯಲ್ಲೇ ಒಂದು ನಿದರ್ಶನ ಉಂಟು. ಮೇಲುಕೋಟೆಯಲ್ಲಿ ರೈತನಾಯಕ ಕೆ.ಎಸ್. ಪುಟ್ಟಣ್ಣಯ್ಯನವರ ಮಗ ದರ್ಶನ್ 2018ರಲ್ಲಿ ಸೋತು, 2023ರಲ್ಲಿ ಸರ್ವೋದಯ ಕರ್ನಾಟಕದಿಂದ ಗೆದ್ದರು. ಕಾಂಗ್ರೆಸ್ ಅಲ್ಲಿ ಅಭ್ಯರ್ಥಿಯನ್ನು ನಿಲ್ಲಿಸದೆ ಬೆಂಬಲ ಕೊಟ್ಟಿತು. ಪಕ್ಷ ಅಭ್ಯರ್ಥಿಯ ಕಡೆಗೆ ಬಂತೇ ಹೊರತು ಅಭ್ಯರ್ಥಿ ಪಕ್ಷದೊಳಗೆ ಹೋಗಲಿಲ್ಲ. ಹೀಗಾಗಲು ಕಾರಣ ವ್ಯಕ್ತಿಯ ದೊಡ್ಡತನ ಒಂದೇ ಅಲ್ಲ. ಆತನ ಹಿಂದೆ ದಶಕಗಳಿಂದ ಸಭೆ ಸೇರುವ, ನಿರ್ಣಯ ಮಾಡುವ, ಚಂದಾ ಎತ್ತುವ ಒಂದು ಸಂಘಟನೆ ಇತ್ತು. ಸಂಘಟನೆ ಇದ್ದರೂ ಕೈತಪ್ಪುವುದುಂಟು. 1989ರಲ್ಲಿ ರೈತಸಂಘದಿಂದ ಕಿತ್ತೂರು, ಧಾರವಾಡ ಗ್ರಾಮೀಣ ಎರಡೂ ಕಡೆ ಗೆದ್ದ ಬಾಬಾಗೌಡ ಪಾಟೀಲರು 1998ರ ಹೊತ್ತಿಗೆ ಬಿಜೆಪಿಯಿಂದ ಬೆಳಗಾವಿಯ ಸಂಸದರಾಗಿ ವಾಜಪೇಯಿ ಮಂತ್ರಿಮಂಡಲದಲ್ಲಿದ್ದರು. ಆದರೂ ಅವರು ಹೋದ ಮೇಲೆ ‘ಸಂಘ ಎಲ್ಲಿದೆ?’ ಎಂದು ಕೇಳುವುದಕ್ಕಾದರೂ ಒಂದು ಸಂಘ ಇತ್ತು. ಸಿನಿಮಾದ ಅಭಿಮಾನದ ಮೇಲೆ, ಒಂದು ಮನೆತನದ ಅನುಕಂಪದ ಮೇಲೆ ಕಟ್ಟಿದ ಬೆಂಬಲಕ್ಕೆ ಆ ಪ್ರಶ್ನೆ ಕೇಳುವ ಬಾಯಿಯೂ ಇರುವುದಿಲ್ಲ.

ನಮ್ಮ ಗಡಿಯ ಕಡೆಗೆ ಬನ್ನಿ. ಸದಾಶಿವ ಪೇಠದ ಅಭ್ಯಾಸಿಕೆಗಳಲ್ಲಿ ಸ್ಪರ್ಧಾ ಪರೀಕ್ಷೆಗೆ ಓದುವ ಹುಡುಗರ ನಡುವೆ ಜತ್ತ, ಅಕ್ಕಲಕೋಟೆಯ ಕಡೆಯ ಕನ್ನಡ ಮನೆಮಾತಿನವರೂ ಇದ್ದಾರೆ. ಜತ್ತ ತಾಲ್ಲೂಕು ಸೇರಿರುವ ಸಾಂಗಲಿ ಲೋಕಸಭಾ ಕ್ಷೇತ್ರದಲ್ಲಿ 2024ರಲ್ಲಿ ಮಂಡ್ಯದ ಕಥೆಯೇ ನಡೆಯಿತು. ಮೈತ್ರಿಯಲ್ಲಿ ಸ್ಥಾನ ಉದ್ಧವ್ ಠಾಕ್ರೆಯವರ ಸೇನೆಗೆ ಹೋಯಿತು. ವಸಂತದಾದಾ ಪಾಟೀಲರ ಮೊಮ್ಮಗ ವಿಶಾಲ ಪಾಟೀಲರು ಕಾಂಗ್ರೆಸ್ಸಿನ ವಿರುದ್ಧ ಬಂಡೆದ್ದು ಲಕೋಟೆಯ ಚಿಹ್ನೆಯಲ್ಲಿ ನಿಂತು 1,00,053 ಮತಗಳ ಅಂತರದಿಂದ ಗೆದ್ದರು. ಕೆಲವೇ ದಿನಗಳಲ್ಲಿ ಕಾಂಗ್ರೆಸ್ಸಿಗೆ ಬೆಂಬಲಪತ್ರ ಕೊಟ್ಟರು. 99 ಸ್ಥಾನ ಗೆದ್ದಿದ್ದ ಪಕ್ಷ ನೂರು ತುಂಬಿದ ಸಂಭ್ರಮದಲ್ಲಿತ್ತು. ಅವರ ಮತದಾರರಲ್ಲಿ ಹೆಚ್ಚಿನವರು ಕಾಂಗ್ರೆಸ್ ಮನಸ್ಸಿನವರೇ ಆದ್ದರಿಂದ ಅದನ್ನು ದ್ರೋಹವೆನ್ನಲಾಗದು. ಆದರೆ ಆ ಬೆಂಬಲಪತ್ರದ ಬದಲಿಗೆ ಜತ್ತದ ಒಣನೆಲಕ್ಕೆ ಏನು ಕೇಳಲಾಯಿತು?

ಜತ್ತದ ಜನಕ್ಕೆ ಕೇಳುವ ಕಲೆ ಗೊತ್ತಿಲ್ಲವೆಂದಲ್ಲ. ನೀರಿಲ್ಲದೆ ಬೇಸತ್ತ ಅಲ್ಲಿನ ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆಂದು ಹಿಂದೆಯೇ ನಿರ್ಣಯ ಮಾಡಿದ್ದವು. 2022ರ ನವೆಂಬರಿನಲ್ಲಿ ಮುಖ್ಯಮಂತ್ರಿ ಬೊಮ್ಮಾಯಿ ಆ ನಿರ್ಣಯದ ಮಾತೆತ್ತಿದೊಡನೆ ಮುಂಬಯಿ ಎಚ್ಚೆತ್ತಿತು. ಕೆಲವೇ ವಾರಗಳಲ್ಲಿ ಮ್ಹೈಸಾಳ ವಿಸ್ತರಿತ ನೀರಾವರಿ ಯೋಜನೆಗೆ ಸುಮಾರು 2,000 ಕೋಟಿ ರೂಪಾಯಿಯ ಮಾತು ಹೊರಬಿತ್ತು. ಅಲ್ಲಿ ಅಭ್ಯರ್ಥಿ ಇರಲಿಲ್ಲ, ಶಾಲು ಇರಲಿಲ್ಲ, ಸೇರ್ಪಡೆಯ ಸಮಾರಂಭ ಇರಲಿಲ್ಲ. ಗ್ರಾಮಸಭೆಯ ಒಂದು ನಿರ್ಣಯವಿತ್ತು, ಅದರಲ್ಲಿ ಒಂದೇ ಬೇಡಿಕೆಯಿತ್ತು: ನೀರು. ಬೇಡಿಕೆ ಜನರ ಕೈಯಲ್ಲೇ ಉಳಿದಿದ್ದರಿಂದ ಅದನ್ನು ಯಾವುದೋ ನಿಗಮದ ಅಧ್ಯಕ್ಷಗಿರಿಯಾಗಿ ಕರಗಿಸಲು ಸಾಧ್ಯವಾಗಲಿಲ್ಲ.

ಹೊರನಾಡಿನ ಕನ್ನಡಿಗರಾದ ನಾವು ಈ ಪಾಠವನ್ನು ಎಲ್ಲರಿಗಿಂತ ಮೊದಲು ಕಲಿಯಬೇಕು. ಚುನಾವಣೆ ಬಂದಾಗ ಬೆಂಗಳೂರು, ಬೆಳಗಾವಿಗಳಿಂದ ನಾಯಕರು ಸೋಲಾಪುರಕ್ಕೆ, ಪುಣೆಗೆ, ಮುಂಬಯಿಗೆ ಬಂದಿಳಿಯುತ್ತಾರೆ, ‘ನಮ್ಮವರು’ ಎಂದು ಕನ್ನಡದಲ್ಲಿ ಎರಡು ಮಾತಾಡುತ್ತಾರೆ, ನಾವು ರೋಮಾಂಚನಗೊಳ್ಳುತ್ತೇವೆ. ನಮ್ಮೊಳಗಿನ ಯಾರಾದರೂ ನಗರಪಾಲಿಕೆಗೆ ಪಕ್ಷೇತರನಾಗಿ ನಿಂತರೆ ‘ನಮ್ಮ ಹುಡುಗ’ ಎಂದು ಕೈಜೋಡಿಸುತ್ತೇವೆ. ಆತ ಹಿಂದೆ ಸರಿದು ಯಾವುದೋ ಪಕ್ಷಕ್ಕೆ ಬೆಂಬಲ ಘೋಷಿಸಿದಾಗ ಪತ್ರಿಕೆಯಲ್ಲಿ ಓದಿ ತಿಳಿಯುತ್ತೇವೆ. ಗಡಿಭಾಗದ ಕನ್ನಡ ಶಾಲೆಗೆ ಶಿಕ್ಷಕ ಬೇಕು, ಪಠ್ಯಪುಸ್ತಕ ಹೊತ್ತಿಗೆ ಸರಿಯಾಗಿ ಬರಬೇಕು, ಅರ್ಜಿಯ ನಮೂನೆ ಕನ್ನಡದಲ್ಲೂ ಸಿಗಬೇಕು. ಬೇಡಿಕೆಗಳು ಇಷ್ಟು ಸಣ್ಣವು, ಇಷ್ಟು ಸ್ಪಷ್ಟವು. ಇವುಗಳ ಬದಲಿಗೆ ನಮಗೆ ಸಿಗುವುದು ರಾಜ್ಯೋತ್ಸವದ ವೇದಿಕೆಯ ಮೇಲೊಂದು ಭಾಷಣ, ಒಂದು ಹಾರ.

ಆದ್ದರಿಂದ ಹೊರಗಿನ ಅಭ್ಯರ್ಥಿಗೆ ಮತ ಹಾಕುವವರು ಮತದಾನಕ್ಕೆ ಮುಂಚೆಯೇ ಮೂರು ಮಾತನ್ನು ತುಂಬಿದ ಸಭೆಯಲ್ಲಿ ಕೇಳಿ ಬರೆಸಿಕೊಳ್ಳಲಿ. ಗೆದ್ದರೂ ಸೋತರೂ ಯಾವ ಷರತ್ತಿಗೆ, ಯಾವ ಪಕ್ಷದ ಜೊತೆ ಮಾತಿಗೆ ಕೂರುತ್ತೀರಿ? ಆ ಮಾತುಕತೆಯಲ್ಲಿ ನಿಮ್ಮ ಪಕ್ಕದಲ್ಲಿ ನಮ್ಮವರು ಯಾರು ಕೂರುತ್ತಾರೆ? ಒಪ್ಪಂದವಾದರೆ ಅದನ್ನು ಮೊದಲು ಇದೇ ಸಭೆಯಲ್ಲಿ ಓದುತ್ತೀರೋ, ಪಕ್ಷದ ಕಚೇರಿಯಲ್ಲೋ? ಇದಕ್ಕೆ ನ್ಯಾಯಾಲಯದ ಬಲವಿಲ್ಲ, ಬೇಕಾಗಿಯೂ ಇಲ್ಲ. ಸಭೆಯ ಮುಂದೆ ಆಡಿದ ಮಾತನ್ನು ಮುರಿದವನು ಮರುಸಲ ಅದೇ ಸಭೆಗೆ ಬರಬೇಕು, ಅಷ್ಟು ಸಾಕು. ಪಕ್ಷಗಳು ಬೆಂಬಲಿಗರನ್ನು ಒಲಿಸಿಕೊಳ್ಳುವುದು ತಪ್ಪಲ್ಲ, ಪ್ರಜಾಪ್ರಭುತ್ವದಲ್ಲಿ ಅವುಗಳ ಕೆಲಸವೇ ಅದು. ಒಲಿಸಿಕೊಳ್ಳುವುದಿದ್ದರೆ ನಮ್ಮನ್ನು ಒಲಿಸಿಕೊಳ್ಳಲಿ. ನೀರು ಕೊಟ್ಟು, ಶಿಕ್ಷಕನನ್ನು ಕೊಟ್ಟು, ಅಭ್ಯರ್ಥಿಯ ಆಯ್ಕೆಯಲ್ಲಿ ಸ್ಥಳೀಯರಿಗೆ ಪಾಲು ಕೊಟ್ಟು. ನಮ್ಮ ಹೆಸರು ಹೇಳಿಕೊಂಡು ಒಬ್ಬನನ್ನು ಮಾತ್ರ ಒಲಿಸಿಕೊಂಡರೆ ಆ ಲೆಕ್ಕ ಅವರಿಬ್ಬರದು. ನಾವು ಅದಕ್ಕೆ ಸಾಕ್ಷಿ ಹಾಕಬೇಕಾಗಿಲ್ಲ.